ಹನ್ನೆರಡು ಮರಿಗಳು, ಒಂದೇ ಉಂಗುರ

ಚಂದ್ರಪ್ರಭಾ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, ದುಪಟ್ಟಾದ ತುದಿಯಿಂದ ಕನ್ನಡಕ ಒರೆಸಿಕೊಂಡು, ಮತ್ತೆ ಬಗ್ಗಿದಳು.

ಉಂಗುರ ಅಲ್ಲೇ ಇತ್ತು.

ಏಳನೆಯ ಮರಿಯ ರಕ್ತದ ಚುಕ್ಕಿಯಲ್ಲಿತ್ತು. ಎಂಟನೆಯದರಲ್ಲೂ ಇತ್ತು. ಗಾಜಿನ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿದಳು. ಒಂಬತ್ತು. ಹತ್ತು. ಹನ್ನೊಂದು. ಹನ್ನೆರಡು.

ಹನ್ನೆರಡು ಬೇರೆ ಬೇರೆ ಬೆಕ್ಕಿನ ಮರಿಗಳ ರಕ್ತ ಎಂದು ಚೀಟಿ ಅಂಟಿಸಿಕೊಂಡು ಬಂದಿದ್ದ ಹನ್ನೆರಡು ಟ್ಯೂಬುಗಳು. ಹನ್ನೆರಡರಲ್ಲೂ ಅದೇ ಮಸುಕು ಹಸಿರು ಉಂಗುರ.

ಹೊರಗೆ ಫರೀದಾಬಾದಿನಲ್ಲಿ ಬೆಳಗಿನ ಹನ್ನೊಂದೂವರೆ. ಈ ಕೋಣೆಯಲ್ಲಿ ಮಾತ್ರ ಹಗಲಿಗೂ ಕತ್ತಲು. ಕಿಟಕಿಗೆ ಕಪ್ಪು ಬಣ್ಣ, ಬಾಗಿಲಿಗೆ ದಪ್ಪ ಪರದೆ. ಮೈಕ್ರೋಸ್ಕೋಪಿನ ನೀಲಿ ದೀಪವೊಂದು ಬಿಟ್ಟರೆ ಬೇರೆ ಬೆಳಕಿಲ್ಲ. ಹದಿನಾರು ವರ್ಷದಿಂದ ಚಂದ್ರಪ್ರಭಾಳಿಗೆ ಈ ಕತ್ತಲು ಅಡುಗೆಮನೆಯಷ್ಟೇ ಪರಿಚಿತ. ಇಂದು ಮೊದಲ ಬಾರಿಗೆ ಬೆನ್ನ ಹಿಂದೆ ಯಾರೋ ನಿಂತಂತೆ ಅನ್ನಿಸಿ, ಅವಳು ತಿರುಗಿ ನೋಡಿದಳು. ಪರದೆ ಮಾತ್ರ ಇತ್ತು.

ಲ್ಯಾಬಿನ ಸಂಶೋಧಕ ಕಿರಣ್ ಕಾಣೆಯಾಗಿ ಅಂದಿಗೆ ಒಂಬತ್ತು ದಿನ; ಅವನ ಜೊತೆಗೆ ಅವನ ಬೆಕ್ಕು ಸಾಸಿವೆಯೂ ಕಾಣೆಯಾಗಿತ್ತು.

ಈಗ ಆ ಸಾಸಿವೆ ಹನ್ನೆರಡು ಹೆಸರಿನಲ್ಲಿ ಅವಳ ಕಣ್ಣೆದುರು ಹೊಳೆಯುತ್ತಿತ್ತು.

ಅದು ಹೇಗೆ ಗೊತ್ತಾಯಿತೆಂದು ಪೊಲೀಸರು ಕೇಳಿದರೆ ಏನು ಹೇಳುವುದು? ಚಂದ್ರಪ್ರಭಾ ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಂಡಳು, ಮಗಳಿಗೆ ಪಾಠ ಹೇಳಿಕೊಡುವ ಹಾಗೆ. ಬೆಕ್ಕುಗಳಿಗೆ ಪಾರ್ವೋ ಎಂಬ ಕರುಳಿನ ಸೋಂಕು ಬರುತ್ತದೆ. ವಾಂತಿ, ಭೇದಿ, ಎರಡೇ ದಿನದಲ್ಲಿ ಮರಿಗಳು ಒಣಗಿ ಸಾಯುತ್ತವೆ. ಬದುಕಿದ ಬೆಕ್ಕಿನ ರಕ್ತದಲ್ಲಿ ಆ ವೈರಸ್ಸಿನ ವಿರುದ್ಧ ಆ್ಯಂಟಿಬಾಡಿ ಹುಟ್ಟಿರುತ್ತದೆ. ಲಸಿಕೆ ಕೆಲಸ ಮಾಡಿದ್ದರೂ ಅಷ್ಟೇ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯ ಒಂದು ಹನಿಯನ್ನು ವೈರಸ್ ತುಂಬಿದ ಬೆಕ್ಕಿನ ಜೀವಕೋಶಗಳ ಮೇಲೆ ಹಾಕಿ, ಬಣ್ಣ ಕೊಟ್ಟು, ನೀಲಿ ದೀಪದಡಿ ನೋಡಿದರೆ ಆ್ಯಂಟಿಬಾಡಿ ಅಂಟಿಕೊಂಡ ಕಡೆಯೆಲ್ಲ ಹಸಿರು ಹೊಳೆಯುತ್ತದೆ. ಪಕ್ಕದಲ್ಲಿ ವೈರಸ್ ಇಲ್ಲದ ಜೀವಕೋಶಗಳ ಮೇಲೂ ಅದೇ ಹನಿ ಹಾಕುತ್ತಾರೆ. ಅಲ್ಲಿ ಏನೂ ಹೊಳೆಯಬಾರದು.

ಸಾಸಿವೆಯ ರಕ್ತ ಮಾತ್ರ ಅಲ್ಲೂ ಹೊಳೆಯುತ್ತಿತ್ತು.

ಮರಿಯಾಗಿದ್ದಾಗ ಯಾವುದೋ ಆಶ್ರಯಧಾಮದಲ್ಲಿ ಲೆಕ್ಕ ತಪ್ಪಿ ಅದಕ್ಕೆ ಏಳೆಂಟು ಸಲ ಲಸಿಕೆ ಚುಚ್ಚಿದ್ದರು. ಲಸಿಕೆ ಬೆಳೆಸುವುದೂ ಬೆಕ್ಕಿನ ಜೀವಕೋಶದಲ್ಲೇ. ಹಾಗಾಗಿ ಅದರ ಮೈಯಲ್ಲಿ ವೈರಸ್ಸಿನ ಮೇಲಷ್ಟೇ ಅಲ್ಲ, ಜೀವಕೋಶದ ಮೇಲೂ ಹಗೆ ಹುಟ್ಟಿತ್ತು. ಪ್ರತಿಯೊಂದು ಕೋಶದ ಸುತ್ತ ತೆಳ್ಳಗೆ ಹಸಿರು ಉಂಗುರ. ಆಮೇಲೆ ನಿಜವಾದ ಪಾರ್ವೋ ಬಂದು, ಅದರಿಂದಲೂ ಬದುಕುಳಿದ ಬೆಕ್ಕದು. ಅದರ ರಕ್ತದಲ್ಲಿ ಆ್ಯಂಟಿಬಾಡಿ ಅಪಾರ. ಅದಕ್ಕೇ ಕಿರಣ್ ಎರಡು ವರ್ಷದಿಂದ ವಾರಕ್ಕೊಮ್ಮೆ ಸಾಸಿವೆಯ ಒಂದು ಹನಿಯನ್ನು, ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ಹೋಲಿಸಿ ನೋಡಲು, ಮೊದಲ ಚುಕ್ಕಿಯಲ್ಲಿ ಇಡುತ್ತಿದ್ದ.

ನೂರು ವಾರ ಅವಳು ಆ ಉಂಗುರ ನೋಡಿದ್ದಳು. ಮಗಳ ಕೈಬರಹ ಗುರುತಿಸಿದ ಹಾಗೆ ಗುರುತಿಸಬಲ್ಲಳು.

ಈ ಹನ್ನೆರಡು ಟ್ಯೂಬು ಬಂದದ್ದು ಮರಿಗಳಿಗೆ ಬಾಯಲ್ಲಿ ಹನಿಸುವ ಹೊಸ ಲಸಿಕೆಯೊಂದರ ಪ್ರಯೋಗದಿಂದ. ಕಿರಣ್ ಕಾಣೆಯಾದ ಮೇಲೆ ಮೊದಲ ಎರಡು ಸಲ ಬಂದ ರಕ್ತವನ್ನು ಯಂತ್ರ ಓದಿತ್ತು. ಯಂತ್ರ ಸಂಖ್ಯೆ ಕೊಡುತ್ತದೆ, ಚಿತ್ರ ಕೊಡುವುದಿಲ್ಲ. ನಿನ್ನೆ ಅದರ ದೀಪ ಸುಟ್ಟುಹೋಗಿತ್ತು. ಹಾಗಾಗಿ ಇವತ್ತು ಹಳೆಯ ಪದ್ಧತಿ, ಕಣ್ಣಿನ ಓದು.

ಯಂತ್ರ ಕೆಡದಿದ್ದರೆ ಈ ಹೊತ್ತಿಗೆ ವರದಿ ಹೊರಟುಹೋಗಿರುತ್ತಿತ್ತು.

*

ಅವಳು ಪರದೆ ಸರಿಸಿ ಹೊರಗಿನ ಕೋಣೆಗೆ ಬಂದು, ಫ್ರಿಜ್ಜಿನಿಂದ ಟ್ಯೂಬುಗಳ ಸ್ಟ್ಯಾಂಡು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಹೊರಗೆ ನವೆಂಬರಿನ ಹೊಗೆ. ಸೂರ್ಯ ಹಳೆಯ ನಾಣ್ಯದಂತೆ ಮಂಕಾಗಿದ್ದ.

ಟ್ಯೂಬಿನೊಳಗಿನ ಹೆಪ್ಪು ನೇರವಾಗಿರಲಿಲ್ಲ. ಪಾತ್ರೆ ಓರೆ ಇಟ್ಟು ಹೆಪ್ಪು ಹಾಕಿದರೆ ಮೊಸರು ಒಂದು ಪಕ್ಕಕ್ಕೆ ವಾಲಿ ಗಟ್ಟಿಯಾಗುತ್ತದಲ್ಲ, ಹಾಗಿತ್ತು. ಎಲ್ಲರೂ ಟ್ಯೂಬನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಓರೆಯಾಗಿ ಒರಗಿಸಿಟ್ಟರೆ ಒಂದೆರಡು ಹನಿ ಹೆಚ್ಚು ತಿಳಿ ಸಿಗುತ್ತದೆ ಎಂದು ನಂಬಿದವನು ಈ ಲ್ಯಾಬಿನಲ್ಲಿ ಒಬ್ಬನೇ. "ಅಕ್ಕಾ, ಎರಡು ಹನಿ ಹೆಚ್ಚು ಸಿಕ್ಕರೆ ಪ್ರಾಣಿಗೆ ಎರಡು ಹನಿ ಕಡಿಮೆ ಚುಚ್ಚಬಹುದು" ಎನ್ನುತ್ತಿದ್ದ.

ಕಿರಣ್ ಬದುಕಿದ್ದಾನೆ. ಇವತ್ತು ಬೆಳಿಗ್ಗೆ ಆರು ಗಂಟೆಗೆ, ಚೀಟಿಯಲ್ಲಿದ್ದ ಹೊತ್ತು ನಿಜವಾದರೆ, ಅವನ ಕೈ ಈ ಗಾಜನ್ನು ಮುಟ್ಟಿತ್ತು.

ಸಂತೋಷ ಒಂದು ನಿಮಿಷವೂ ಉಳಿಯಲಿಲ್ಲ. ಅವಳು ಹಳೆಯ ಎರಡು ಸಲದ ಟ್ಯೂಬುಗಳನ್ನು ತಂದು ಪಕ್ಕದಲ್ಲಿಟ್ಟಳು. ಮೊದಲನೆಯದರಲ್ಲಿ ಹೆಪ್ಪು ಹತ್ತಿರ ಹತ್ತಿರ ಅರ್ಧ ಟ್ಯೂಬು ತುಂಬಿತ್ತು. ಎರಡನೆಯದರಲ್ಲಿ ಮೂರನೇ ಒಂದು ಭಾಗ. ಇವತ್ತಿನದರಲ್ಲಿ ತಳದಲ್ಲಿ ಒಂದಿಷ್ಟು. ಅದೂ ದಾಳಿಂಬೆ ತೊಳೆದ ನೀರಿನ ಬಣ್ಣ. ಮೇಲೆಲ್ಲ ಬರೀ ತಿಳಿ.

ಟ್ಯೂಬಿಗೆ ಎರಡು ಮಿಲಿ. ಹನ್ನೆರಡು ಟ್ಯೂಬು. ಒಂಬತ್ತು ದಿನದಲ್ಲಿ ಮೂರು ಸಲ. ನಾಲ್ಕು ಕೆಜಿ ಕೂಡ ಇಲ್ಲದ ಬೆಕ್ಕು.

ಇನ್ನೊಂದು ಸಲ ಸೂಜಿ ಹಾಕಿದರೆ ಸಾಸಿವೆ ಉಳಿಯುವುದಿಲ್ಲ. ಸಾಸಿವೆ ಸತ್ತರೆ, ಅದರ ಕುತ್ತಿಗೆಯಿಂದ ಹನಿ ಚೆಲ್ಲದೆ ರಕ್ತ ತೆಗೆಯಬಲ್ಲ ಕಿರಣ್ ಯಾರಿಗೆ ಬೇಕು?

"ಅಕ್ಕಾ, ಚಹಾ ತಣ್ಣಗಾಯ್ತು. ಇನ್ನೊಮ್ಮೆ ಬಿಸಿ ಮಾಡಿದ್ರೆ ಅದು ಚಹಾ ಅಲ್ಲ, ಕಷಾಯ."

ಅವಳು ಬೆಚ್ಚಿ ಸ್ಟ್ಯಾಂಡನ್ನು ಎದೆಗೆ ಅವಚಿಕೊಂಡಳು. ಬಾಗಿಲಲ್ಲಿ ಅಕ್ಷಯ್ ಲೋಟ ಹಿಡಿದು ನಿಂತಿದ್ದ. ಸ್ಯಾಂಪಲ್ ತೆಗೆದುಕೊಂಡು ನಂಬರು ಹಾಕುವ ಕೆಲಸ ಅವನದು. ಉಡುಪಿ ಕಡೆಯವರು, ಅಪ್ಪನದು ಇಲ್ಲೇ ಸೆಕ್ಟರಿನ ಮಾರ್ಕೆಟ್ಟಿನಲ್ಲಿ ದೋಸೆ ಹೋಟೆಲು. ಮೂವತ್ತಾದರೂ ಹರಟೆ ಬಿಟ್ಟಿರಲಿಲ್ಲ.

"ಅಕ್ಷಯ್, ಇವತ್ತಿನ ಐಸ್ ಡಬ್ಬ ತಂದದ್ದು ಯಾರು?"

"ಅದೇ ಬಸವರಾಜ. ಲಸಿಕೆ ಕಂಪನಿಯ ಚಂದ್ರಮೋಹನ ಸರ್ ಡ್ರೈವರ್. ಮೂರು ಸಲಾನೂ ಅವನೇ. ಬಾಯಿ ಬಿಟ್ರೆ ಮುತ್ತು ಉದುರುತ್ತೆ ಅನ್ನೋ ಹಾಗೆ ಗುಮ್ಮಂತ ಇರ್ತಾನೆ. ನಾನು 'ಕ್ಯಾ ಭಾಯಿ, ಹೆಂಡತಿ ಹೊಡೆದ್ಳಾ' ಅಂದೆ. ನಗಲೂ ಇಲ್ಲ."

"ಹಾಗ್ಯಾಕೆ ಕೇಳಿದೆ?"

"ಕೈ ನೋಡಬೇಕಿತ್ತು ನೀವು. ಮಣಿಕಟ್ಟಿಂದ ಮೊಣಕೈವರೆಗೂ ಗೀರು. ಇಲ್ಲೆಲ್ಲ ಟಿಂಕ್ಚರ್ ಹಚ್ಕೊಂಡಿದ್ದ."

ಬೆಕ್ಕು ಪರಚಿದ ಗೀರು. ಚಂದ್ರಪ್ರಭಾ ಲೋಟ ತೆಗೆದುಕೊಂಡಳು. ಅಕ್ಷಯ್‌ನ ಕಣ್ಣು ಸ್ಟ್ಯಾಂಡಿನ ಮೇಲಿತ್ತೋ, ಅವಳ ಮುಖದ ಮೇಲಿತ್ತೋ, ತಿಳಿಯಲಿಲ್ಲ.

"ಹೃಷಿಕೇಶ್ ಸರ್ ಫೋನ್ ಮಾಡಿದ್ರು" ಅಂದ ಅವನು. "ಚಾಣಕ್ಯಪುರೀಲಿ ಮೀಟಿಂಗ್ ಅಂತೆ, ಇವತ್ತು ಬರಲ್ಲ. ಎರಡು ಗಂಟೆಗೆ ಚಂದ್ರಮೋಹನ ಸರ್ ಬರ್ತಾರೆ, ಅಕ್ಕ ಸಹಿ ಹಾಕಿ ವರದಿ ಕೊಟ್ಟುಬಿಡ್ಲಿ, ಜಾಸ್ತಿ ತಲೆ ಕೆಡಿಸ್ಕೋಬೇಡಿ ಅಂದ್ರು."

"ಹಾಗೇ ಅಂದ್ರಾ? ತಲೆ ಕೆಡಿಸ್ಕೋಬೇಡಿ ಅಂತ?"

"ಹೂಂ. ಯಾಕಕ್ಕಾ?"

ಅವಳು ತಲೆಯಾಡಿಸಿದಳು. ಸಾಸಿವೆಯ ರಕ್ತವೇ ಈ ಲ್ಯಾಬಿನ ಅಳತೆಗೋಲು ಎಂದು ತಿಳಿದಿದ್ದವರು ನಾಲ್ಕೇ ಜನ. ಕಿರಣ್. ತಾನು. ಪ್ರತಿ ಸೀಸೆಗೂ ನಂಬರು ಬರೆಯುವ ಅಕ್ಷಯ್. ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ಹೃಷಿಕೇಶ್.

ಕಿರಣ್ ಕಾಣೆಯಾಗುವ ಹಿಂದಿನ ದಿನ ಅವಳ ಕಿವಿಯ ಹತ್ತಿರ ಬಂದು ಹೇಳಿದ್ದ: "ಅಕ್ಕಾ, ಆ ಮರಿಗಳ ರಕ್ತದಲ್ಲಿ ಆ್ಯಂಟಿಬಾಡಿ ಸೊನ್ನೆ. ಲಸಿಕೆ ಬರೀ ಸಕ್ಕರೆ ನೀರು." ಮರುದಿನ ಅವನ ರಾಜೀನಾಮೆ ಈಮೇಲಿನಲ್ಲಿ ಬಂತು. ಆಮೇಲೆ ಬಂದ ರಕ್ತದಲ್ಲೆಲ್ಲ ಆ್ಯಂಟಿಬಾಡಿ ತುಂಬಿ ತುಳುಕುತ್ತಿತ್ತು.

ಅವಳು ಮೂರು ಟ್ಯೂಬುಗಳ ಫೋಟೋ ತೆಗೆದು, ಕಿರಣ್ ಕಾಣೆಯಾದ ದೂರು ಬರೆದುಕೊಂಡಿದ್ದ ಠಾಣೆಯ ಸಬ್ ಇನ್‌ಸ್ಪೆಕ್ಟರನಿಗೆ ಕಳಿಸಿದಳು. ಎರಡು ನಿಮಿಷದಲ್ಲಿ ಉತ್ತರ ಬಂತು: 'ಮೇಡಂ ಜೀ, ಬಿಲ್ಲಿ ಕಾ ಖೂನ್? ಕಲ್ ಆಕೆ ಸಮಝಾಯಿಯೇ.'

ಬೆಕ್ಕಿನ ರಕ್ತವೇ ಎಂಬ ಅಚ್ಚರಿ; ನಾಳೆ ಬಂದು ವಿವರಿಸಬೇಕಂತೆ. ನಾಳೆ.

*

ಒಂದೂವರೆಗೆ ಮಗಳ ಫೋನು. ಹೊಗೆಯಿಂದಾಗಿ ವಾರದಿಂದ ಶಾಲೆಗೆ ರಜೆ. ಹನ್ನೊಂದು ವರ್ಷದ ಹಂಸಿನಿ ಲೋಧಿ ಕಾಲೋನಿಯ ಸರ್ಕಾರಿ ಮನೆಯಲ್ಲಿ ಒಬ್ಬಳೇ ಕೂತು ಲ್ಯಾಪ್‌ಟಾಪಿನಲ್ಲಿ ಪಾಠ ಕೇಳುತ್ತಿದ್ದಳು. ಅವಳ ಅಪ್ಪ ಗೋಪಾಲ ಇಲಾಖೆಯ ಕೆಲಸದ ಮೇಲೆ ಗುವಾಹಟಿಗೆ ಹೋಗಿದ್ದರು.

"ಅಮ್ಮಾ, ಸಾಸಿವೆ ಮಿಲೀ ಕ್ಯಾ?"

ಸಾಸಿವೆ ಸಿಕ್ಕಿತಾ ಎಂದು ದಿನಕ್ಕೆ ನಾಲ್ಕು ಸಲ ಇದೇ ಪ್ರಶ್ನೆ. ಪ್ರತಿ ಭಾನುವಾರ ಕಿರಣ್ ಊಟಕ್ಕೆ ಬರುವಾಗ ಬುಟ್ಟಿಯಲ್ಲಿ ಬೆಕ್ಕನ್ನೂ ತರುತ್ತಿದ್ದ. ಬಿಳಿ ಮೈ ಮೇಲೆ ಒಗ್ಗರಣೆ ಸಿಡಿದಂತೆ ಕಪ್ಪು ಚುಕ್ಕಿ. ಹೆಸರಿಟ್ಟದ್ದೇ ಹಂಸಿನಿ.

"ಇನ್ನೂ ಇಲ್ಲ ಪುಟ್ಟಿ. ಮೊಸರನ್ನ ತಿಂದ್ಯಾ?"

"ಖಾ ಲೂಂಗೀ, ಆಮೇಲೆ ತಿಂತೀನಿ. ಅಮ್ಮಾ ಸುನೋ ನಾ, ಒಬ್ರು ಅಂಕಲ್ ಬಂದಿದ್ರು. ಪೇಡಾ ಡಬ್ಬ ಕೊಟ್ಟು ಹೋದ್ರು. ಜಾಲರಿ ಬಾಗ್ಲಿಂದಾನೇ ತಗೊಂಡೆ, ಪ್ರಾಮಿಸ್. ಧಾರವಾಡದ್ದು, ಬಹುತ್ ಟೇಸ್ಟೀ ಹೈ."

ಚಂದ್ರಪ್ರಭಾಳ ಕೈಯಲ್ಲಿದ್ದ ಪೆನ್ನು ನಿಂತಿತು.

"ಯಾವ ಅಂಕಲ್?"

"ಪತಾ ನಹೀ. ಕೈಗೆಲ್ಲ ಕೆಂಪು ದವಾಯಿ ಹಚ್ಕೊಂಡಿದ್ರು. 'ಹಂಸಿನಿ ನೀನೇ ಅಲ್ವಾ' ಅಂದ್ರು."

ಮಗಳಿಗೆ ಹೆದರಿಕೆ ತಾಗಬಾರದು ಎಂದು ದನಿಯನ್ನು ಹತೋಟಿಗೆ ತಂದುಕೊಂಡಳು. ಜ್ವರದ ಮಗುವಿಗೆ ಔಷಧಿ ಕುಡಿಸುವಾಗಿನ ದನಿ ಅದು.

"ಹಂಸೀ, ಆ ಡಬ್ಬ ಮುಚ್ಚಿಡು. ಇನ್ನು ತಿನ್ನಬೇಡ. ಮರದ ಬಾಗಿಲೂ ಹಾಕ್ಕೋ, ಮೇಲಿನ ಚಿಲಕಾನೂ. ಯಾರು ಕರೆದ್ರೂ ತೆಗೀಬೇಡ. ನಾನು ಬೇಗ ಬರ್ತೀನಿ."

"ಕ್ಯೂಂ?"

"ನಾನು ಹೇಳ್ದೆ ಅಂತ."

"ಅಮ್ಮಾ, ತುಮ್ ಡರ್ ರಹೀ ಹೋ ಕ್ಯಾ?"

"ಇಲ್ಲ ಕಂದಾ, ಹೆದರಿಕೆ ಏನಿಲ್ಲ. ಕೆಲಸ ಜಾಸ್ತಿ, ಅಷ್ಟೇ."

*

ಎರಡು ಗಂಟೆಗೆ ಐದು ನಿಮಿಷ ಮೊದಲೇ ಪರದೆ ಸರಿಯಿತು. ಕತ್ತಲ ಕೋಣೆಯೊಳಕ್ಕೆ ಮೊದಲು ಬಂದದ್ದು ಗಂಧದ ಪರಿಮಳ, ಆಮೇಲೆ ಚಂದ್ರಮೋಹನ.

ಐವತ್ತೈದರ ಮನುಷ್ಯ. ಇಸ್ತ್ರಿ ಮುರಿಯದ ಖಾದಿ ಅಂಗಿ, ಮೆತ್ತನೆಯ ಮಾತು. ಲಸಿಕೆಯ ಪ್ರಯೋಗ ನಡೆಸುತ್ತಿರುವ ಕಂಪನಿಯ ಪರವಾಗಿ ಓಡಾಡುವವನು. ದೆಹಲಿಗೆ ಬಂದಾಗಲೆಲ್ಲ ಚಾಣಕ್ಯಪುರಿಯಲ್ಲಿ ನಮ್ಮ ಕನ್ನಡದವರ ಅತಿಥಿಗೃಹದಲ್ಲಿ ಉಳಿಯುತ್ತಿದ್ದ. ಅಲ್ಲಿಯ ಸಾರಿನ ರುಚಿ ಹೇಳದೆ ಮಾತು ಶುರುಮಾಡಿದ್ದಿಲ್ಲ. ಇವತ್ತು ಸಾರಿನ ಸುದ್ದಿ ಎತ್ತಲಿಲ್ಲ.

"ಕೂತ್ಕೊಳ್ಳಿ ತಾಯಿ, ಏಳಬೇಡಿ" ಅಂದ. ತಾನೂ ಒಂದು ಸ್ಟೂಲು ಎಳೆದುಕೊಂಡ. ಬಾಗಿಲಿಗೂ ಅವಳಿಗೂ ನಡುವೆ. "ಮಗುಗೆ ಪೇಡಾ ಹಿಡಿಸ್ತಾ?"

ನೀಲಿ ಬೆಳಕಿನಲ್ಲಿ ಅವನ ಹಲ್ಲು ಮಾತ್ರ ಕಾಣುತ್ತಿತ್ತು.

"ಹಿಡಿಸ್ತು ಅಂದ್ಲು." ತನ್ನ ದನಿ ಯಾರದೋ ಎಂಬಂತೆ ಅವಳಿಗೇ ಕೇಳಿಸಿತು.

"ಒಳ್ಳೇ ಮಗು. ಜಾಲರಿ ಬಾಗಿಲು ತೆಗೀಲೇ ಇಲ್ವಂತೆ. ಚೆನ್ನಾಗಿ ಬೆಳೆಸಿದ್ದೀರಿ." ಅವನು ಅಂಗಿಯ ತೋಳು ಸರಿಮಾಡಿಕೊಂಡ. "ವರದಿ ಆಯ್ತಾ?"

ಉತ್ತರ ಕೊಡುವ ಮೊದಲು ಅವಳು ಒಂದು ಉಸಿರು ಎಳೆದುಕೊಂಡಳು. ಆ ಒಂದು ಉಸಿರಿನಲ್ಲಿ, ಬೆಳಗಿನಿಂದ ತಲೆಯೊಳಗೆ ಕುದಿಯುತ್ತಿದ್ದುದು ಮತ್ತೊಮ್ಮೆ ಉಕ್ಕಿ ಬಂತು. 'ಆಯ್ತು' ಅಂದರೆ ಪ್ರಯೋಗ ಮುಗಿಯಿತು. ಕಿರಣ್ ಇನ್ನು ಬೇಕಿಲ್ಲ. 'ರಕ್ತ ಸರಿಯಿಲ್ಲ, ಮತ್ತೆ ಕಳಿಸಿ' ಅಂದರೆ ಸಾಸಿವೆ ಸಾಯುತ್ತದೆ. ಆಗಲೂ ಕಿರಣ್ ಬೇಕಿಲ್ಲ. 'ಇದು ಮೋಸ' ಅಂದರೆ... ಲೋಧಿ ಕಾಲೋನಿಯ ಮನೆಗೆ ಬಾಗಿಲು ಎರಡೇ, ಚಿಲಕ ಹಳೆಯದು.

"ಒಂದು ತೊಂದರೆ ಇದೆ ಸರ್. ಒಂದು ಸಲದ ಓದಿಗೆ ಬೆಲೆ ಇಲ್ಲ. ಹದಿನಾಲ್ಕು ದಿನ ಬಿಟ್ಟು ಇನ್ನೊಮ್ಮೆ ರಕ್ತ ತೆಗೆದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಆ್ಯಂಟಿಬಾಡಿ ಏರಿದೆಯೋ ಇಳಿದಿದೆಯೋ ಆಗಲೇ ಗೊತ್ತಾಗೋದು. ಎಲ್ಲ ಕಡೆ ಹೀಗೇ ಮಾಡೋದು."

"ಹದಿನಾಲ್ಕು ದಿನ." ಅವನು ಆ ಮಾತನ್ನು ಬಾಯಲ್ಲಿ ಎಲೆಯಡಿಕೆಯಂತೆ ಹೊರಳಿಸಿದ. "ಸೋಮವಾರದಿಂದ ಒಂಬತ್ತು ಆಶ್ರಯಧಾಮಗಳಲ್ಲಿ ಮರಿಗಳಿಗೆ ಈ ಹನಿ ಹಾಕ್ತಿದ್ದೇವೆ ತಾಯಿ. ಗುರುಗ್ರಾಮ, ನೋಯಿಡಾ, ಇಲ್ಲಿ. ಬ್ಯಾನರ್ ಕೂಡ ಕಟ್ಟಿ ಆಗಿದೆ."

"ಚಳಿಗಾಲದಲ್ಲೇ ಪಾರ್ವೋ ಜಾಸ್ತಿ ಸರ್. ಲಸಿಕೆ ಕೆಲಸ ಮಾಡದಿದ್ರೆ..."

"ಮಾಡುತ್ತೆ ಅಂತ ನಿಮ್ಮ ಯಂತ್ರ ಎರಡು ಸಲ ಹೇಳಿದೆ."

"ಇವತ್ತು ಯಂತ್ರ ಕೆಟ್ಟಿದೆ."

"ಗೊತ್ತು." ಅವನು ಮುಂದಕ್ಕೆ ಬಾಗಿದ. ಗಂಧದ ವಾಸನೆ ಮುಖಕ್ಕೆ ಹೊಡೆಯಿತು. "ಕಣ್ಣಲ್ಲೇ ಓದಿದ್ದೀರಿ. ಏನು ಕಾಣಿಸ್ತು?"

ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ದೀಪದ ಸಣ್ಣ ಗುಂಯ್‌ಗುಡುವಿಕೆ ಕೇಳುತ್ತಿತ್ತು.

"ಹಸಿರು" ಅಂದಳು ಅವಳು. "ಎಲ್ಲದರಲ್ಲೂ ಹಸಿರು."

"ಮತ್ತೆ ತೊಂದರೆ ಏನು?"

ಆಗ ಅವಳಿಗೆ ದಾರಿ ಕಂಡಿತು. ದಾರಿ ಅನ್ನುವುದಕ್ಕಿಂತ ಬಿರುಕು, ಕೈ ತೂರಿಸುವಷ್ಟು. ಯೋಚಿಸಿದರೆ ಧೈರ್ಯ ಉಡುಗೀತೆಂದು ಅವಳು ಯೋಚಿಸದೆ ಹೇಳಿಬಿಟ್ಟಳು.

"ಯಂತ್ರದ ಓದಿಗೆ ಒಂದು ಸಹಿ ಸಾಕು. ಕಣ್ಣಿನ ಓದಿಗೆ ಎರಡು ಬೇಕು. ಒಬ್ಬರ ಕಣ್ಣು ಮೋಸ ಹೋಗಬಹುದು ಅಂತ, ಇಬ್ಬರು ಬೇರೆ ಬೇರೆಯಾಗಿ ಅದೇ ಪಟ್ಟಿ ನೋಡಿ ಸಹಿ ಹಾಕಬೇಕು. ಈ ಪ್ರಯೋಗಕ್ಕೆ ಹೆಸರು ಕೊಟ್ಟಿರೋದು ಇಬ್ಬರದೇ. ನಂದು, ಕಿರಣ್‌ದು."

"ಅವನು ರಾಜೀನಾಮೆ ಕೊಟ್ಟು ಹೋದನಲ್ಲ."

"ಹೆಸರು ಬದಲಾಯಿಸಿಲ್ಲ. ಬದಲಾಯಿಸೋಕೆ ಸಮಿತಿ ಕೂರಬೇಕು. ಅದಕ್ಕೆ ತಿಂಗಳು ಹಿಡಿಯುತ್ತೆ."

"ಅವನ ಸಹಿ ತರಿಸಿದ್ರೆ?"

"ಸಹಿ ಅಲ್ಲ ಸರ್, ಕಣ್ಣು. ಈ ಹಸಿರು ಇವತ್ತು ಸಂಜೆವರೆಗೇ ಇರೋದು, ಆಮೇಲೆ ಮಂಕಾಗುತ್ತೆ. ಅಷ್ಟರೊಳಗೆ ಅವನು ಇಲ್ಲೇ, ಈ ಸ್ಟೂಲಿನ ಮೇಲೆ ಕೂತು ನೋಡಬೇಕು. ಇಲ್ಲದಿದ್ರೆ ಯಾರು ಸಹಿ ಹಾಕಿದ್ರೂ ಸರ್ಕಾರ ಆ ಕಾಗದ ಮುಟ್ಟಲ್ಲ."

ಹೇಳಿ ಮುಗಿಸಿ ಅವಳು ಗಾಜಿನ ಪಟ್ಟಿಯನ್ನು ಮೈಕ್ರೋಸ್ಕೋಪಿನಡಿ ನೇರ ಮಾಡಿದಳು.

ಕತ್ತಲಲ್ಲಿ ಚಂದ್ರಮೋಹನ ತನ್ನನ್ನೇ ನೋಡುತ್ತಿದ್ದಾನೆ ಎಂಬುದು ಮೈಗೆ ತಿಳಿಯುತ್ತಿತ್ತು. ಹೊರಗಡೆ ಯಾವುದೋ ಕಾರ್ಖಾನೆಯ ಎರಡು ಗಂಟೆಯ ಸೈರನ್ನು ಕೂಗಿ ನಿಂತಿತು.

ಆಮೇಲೆ ಅವನು ಎಂದಿನ ಮೆತ್ತನೆಯ ದನಿಯಲ್ಲೇ ಕೇಳಿದ.

"ಐದು ಗಂಟೆಗೆ ಬಂದ್ರೆ ನಡೆಯುತ್ತಾ?"

ಪೊಲೀಸರಿಗೆ ಸಿಗದ, ಹೆತ್ತ ತಾಯಿಯ ಫೋನಿಗೆ ಸಿಗದ ಹುಡುಗನನ್ನು ಈ ಮನುಷ್ಯ ಮೂರು ತಾಸಿನಲ್ಲಿ ಇಲ್ಲಿ ತಂದು ಕೂರಿಸುತ್ತಾನಂತೆ. ಅವನು ಬಾಯಿ ತಪ್ಪಿ ಆಡಿದ ಮಾತಲ್ಲ ಅದು. ಅವಳು ಯಾರಿಗೂ ಹೇಳಲಾರಳು ಎಂಬ ಧೈರ್ಯದಿಂದ ಆಡಿದ ಮಾತು.

"ನಡೆಯುತ್ತೆ" ಅಂದಳು.

"ನೀವು ಜಾಣೆ ತಾಯಿ. ಕಿರಣ್ ಹೇಳಿದ್ದ, ನೀವು ಭಾರೀ ಜಾಣೆ ಅಂತ." ಅವನು ಜೇಬಿನಿಂದ ಫೋನು ತೆಗೆದ. "ಮೂರು ಜನ ಒಟ್ಟಿಗೆ ಕೂತು ಮುಗಿಸೋಣ. ಆಮೇಲೆ ಅವನನ್ನ ಊರಿಗೆ ಕಳಿಸೋ ಜವಾಬ್ದಾರಿ ನನ್ನದು."

ಊರಿಗೆ ಕಳಿಸುವುದು ಎಂದರೆ ಏನೆಂದು ಅವಳು ಕೇಳಲಿಲ್ಲ. ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು. ಐದು ಗಂಟೆಗೆ ಕಿರಣ್ ಈ ಕಟ್ಟಡದೊಳಗೆ ಇರುತ್ತಾನೆ. ಕಾವಲುಗಾರರಿದ್ದಾರೆ, ಮೇಲಿನ ಮಹಡಿಯಲ್ಲಿ ಹತ್ತು ಜನ ಕೆಲಸದವರಿದ್ದಾರೆ. ಕೂಗಿದರೆ ಕೇಳುತ್ತದೆ. ಒಂದು ಸಲ ಅವನು ಈ ಬಾಗಿಲು ದಾಟಿ ಬಂದರೆ ಸಾಕು.

"ಬಸವರಾಜಾ" ಚಂದ್ರಮೋಹನ ಫೋನಿನಲ್ಲಿ ಹೇಳುತ್ತಿದ್ದ. "ಅವನಿಗೆ ಸ್ನಾನ ಮಾಡಿಸಿ, ಬೇರೆ ಅಂಗಿ ಹಾಕ್ಸಿ..."

ಅಲ್ಲಿಗೆ ಮಾತು ನಿಂತಿತು.

ಆ ಕಡೆಯವನು ಏನು ಹೇಳಿದನೋ ಚಂದ್ರಪ್ರಭಾಳಿಗೆ ಕೇಳಲಿಲ್ಲ. ಅವನು ಒಂದೇ ಉಸಿರಿನಲ್ಲಿ ಬಡಬಡಿಸುತ್ತಿದ್ದುದಷ್ಟೇ ತಿಳಿಯಿತು.

"ಯಾವಾಗ?" ಅಂದ ಚಂದ್ರಮೋಹನ.

ಮತ್ತೆ ಬಡಬಡಿಕೆ.

"ಬೆಕ್ಕು?"

ಈ ಸಲ ಉತ್ತರ ಚಿಕ್ಕದಾಗಿತ್ತು. ಅವನು ಫೋನನ್ನು ಕಿವಿಯಿಂದ ಕೆಳಗಿಳಿಸಿದ. ಫೋನಿನ ಬೆಳಕು ಅವನ ಗಲ್ಲದ ಕೆಳಗಿನಿಂದ ಮುಖಕ್ಕೆ ಬಿತ್ತು. ಅಷ್ಟು ಹೊತ್ತು ಸಂಭಾವಿತನಂತೆ ಕಂಡಿದ್ದ ಮುಖದಲ್ಲಿ ಈಗ ಏನೂ ಉಳಿದಿರಲಿಲ್ಲ.

ಅವನು ಎದ್ದ. ಪರದೆ ಸರಿಸಿ ಬಾಗಿಲು ಮುಚ್ಚಿದ. ಚಿಲಕ ಹಾಕಿಕೊಂಡ ಸದ್ದು ಆ ಪುಟ್ಟ ಕೋಣೆಯಲ್ಲಿ ಗುದ್ದಿದ ಹಾಗೆ ಕೇಳಿಸಿತು.

"ನೀವು ಜಾಣೆ, ಅವನು ನಿಮಗಿಂತ ಜಾಣ" ಅಂದ. ದನಿ ಇನ್ನೂ ಮೆತ್ತಗೇ ಇತ್ತು, ಅದೇ ಭಯಂಕರವಾಗಿತ್ತು. "ನಮ್ಮ ಬಸವರಾಜ ನಿಮ್ಮ ಮನೆಗೆ ಪೇಡಾ ಕೊಡೋಕೆ ಹೋಗಿದ್ದಾಗ, ಕಿರಣ್ ನಾವು ಕೂಡಿಟ್ಟಿದ್ದ ಮನೆಯ ಹಿಂದಿನ ಬಾಗಿಲು ಮುರಿದಿದ್ದಾನೆ. ಬೆಕ್ಕನ್ನೂ ಎತ್ತಿಕೊಂಡು ಹೋಗಿದ್ದಾನೆ. ಕೈಯಲ್ಲಿ ಫೋನಿಲ್ಲ, ಕಾಲಲ್ಲಿ ಚಪ್ಪಲಿ ಇಲ್ಲ. ಈ ಊರಲ್ಲಿ ಅವನಿಗೆ ಯಾರಿದ್ದಾರೆ ತಾಯಿ, ನಿಮ್ಮನ್ನ ಬಿಟ್ಟು?"

ಕಿರಣ್ ತಪ್ಪಿಸಿಕೊಂಡಿದ್ದಾನೆ. ಅವಳ ಎದೆಯಲ್ಲಿ ಏನೋ ಹಾರಿತು. ಹಾರಿದ್ದು ಅಲ್ಲೇ ಮುದುಡಿ ಬಿತ್ತು. ಅವನು ಹೋಗುವುದು ಲೋಧಿ ಕಾಲೋನಿಗೇ. ಹಂಸಿನಿಯ ಬಾಗಿಲಿಗೇ.

"ಫೋನ್ ಮಾಡಿ ಮಗುಗೆ." ಅವನು ಮೇಜಿನ ಮೇಲಿದ್ದ ಅವಳ ಫೋನು ಎತ್ತಿ ಅವಳ ಕೈಗೆ ಕೊಟ್ಟ. "ಸ್ಪೀಕರ್ ಹಾಕಿ. 'ಮನೆಗೆ ಯಾರು ಬಂದ್ರೂ ಬಾಗಿಲು ತೆಗೆದು ಒಳಗೆ ಕೂರಿಸು' ಅನ್ನಿ. ಕಿರಣ್ ಬಂದರೆ ಅವನನ್ನ ಕೂರಿಸ್ಲಿ. ನಮ್ಮವರು ಇಬ್ಬರು ಆ ಕಡೆಗೇ ಹೊರಟಿದ್ದಾರೆ, ಅವರನ್ನೂ ಕೂರಿಸ್ಲಿ. ಬೇರೆ ಒಂದು ಮಾತು ಆಡಿದ್ರೂ, ಬಾಗಿಲು ಮುರಿಯೋದು ಅವರಿಗೂ ಬರುತ್ತೆ."

ಅವಳ ಬೆರಳು ಮಗಳ ಹೆಸರಿನ ಮೇಲೆ ಎರಡು ಸಲ ಜಾರಿತು. ಮೂರನೆಯ ಸಲ ಒತ್ತಿದಳು.

ಕತ್ತಲಲ್ಲಿ ರಿಂಗಾಗತೊಡಗಿತು. ಒಂದು. ಎರಡು. ಎತ್ತಬೇಡ ಕಂದಾ, ಎತ್ತಬೇಡ. ಆಟದಲ್ಲಿರು, ನಿದ್ದೆಯಲ್ಲಿರು. ಐದು. ಆರು.

"ಅಮ್ಮಾ?"

ಹಂಸಿನಿಯ ದನಿ ಸಣ್ಣದಾಗಿತ್ತು. ಪಕ್ಕದಲ್ಲಿ ಯಾರೋ ಮಲಗಿರುವಾಗ ಮಾತಾಡುವಷ್ಟು ಸಣ್ಣದು.

ಚಂದ್ರಪ್ರಭಾ ಕಣ್ಣು ಮುಚ್ಚಿಕೊಂಡಳು. "ಪುಟ್ಟೀ... ಮನೆಗೆ ಯಾರಾದ್ರೂ ಬಂದ್ರೆ..."

"ಅಮ್ಮಾ, ಸಾರಿ." ಮಗು ಮೂಗೆಳೆಯಿತು. "ಬಾಗಿಲು ತೆಗ್ದುಬಿಟ್ಟೆ."

ಚಂದ್ರಮೋಹನನ ಹಲ್ಲು ಮತ್ತೆ ನೀಲಿ ಬೆಳಕಿಗೆ ಬಂತು. ಕೇಳಿ ಎಂಬಂತೆ ಅವನು ಕೈ ಬೀಸಿದ.

"ಯಾರು ಬಂದಿದ್ದಾರೆ ಕಂದಾ? ಕಿರಣ್ ಅಣ್ಣನಾ?"

"ಇಲ್ಲ."

"ಪೇಡಾ ತಂದಿದ್ದ ಅಂಕಲ್ಲಾ?"

"ಇಲ್ಲಮ್ಮಾ." ಹಂಸಿನಿ ತಡೆದಳು. ಫೋನಿನ ಆ ತುದಿಯಲ್ಲಿ ಬಳೆಗಳ ಸದ್ದು ಕೇಳಿಸಿ ನಿಂತಿತು. "ಏಕ್ ಆಂಟೀ ಹೈಂ. ನಮ್ಮ ಥರಾನೇ ಕನ್ನಡ ಮಾತಾಡ್ತಾರೆ. ಹೆಸರು ಹೇಳಬೇಡ ಅಂತಿದ್ದಾರೆ."

ಫೋನು ಕಟ್ಟಾಯಿತು.

ಚಂದ್ರಪ್ರಭಾ ತಲೆಯೆತ್ತಿದಳು. ಎದುರಿಗಿದ್ದ ಮನುಷ್ಯನ ನಗೆ ಎಲ್ಲಿಯೋ ಜಾರಿಹೋಗಿತ್ತು. ಅವನು ಒಂದು ಹೆಜ್ಜೆ ಹಿಂದೆ ಸರಿದು, ತಾನೇ ಹಾಕಿದ ಚಿಲಕಕ್ಕೆ ಬೆನ್ನು ತಾಗಿಸಿ ನಿಂತಿದ್ದ.

"ಯಾರವಳು?" ಅಂದ. ಅವನ ದನಿ ಮೊದಲ ಸಲ ನಡುಗಿತು. "ನಾನು ಯಾವ ಹೆಂಗಸನ್ನೂ ಕಳಿಸಿಲ್ಲ."